ಗೋಡೆ ಯಾರದು?

ಮನೆಗೆ ಬಣ್ಣ ಹಚ್ಚಿಸುವಾಗ ನಾವು ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಹೊಲಸು ಕಾಣುತ್ತದೆಯೇ, ಎಷ್ಟು ವರ್ಷ ಬಾಳುತ್ತದೆ? ‘ನನಗೆ ಯಾವುದು ಇಷ್ಟ?’ ಎಂಬ ಮೂರನೆಯ ಪ್ರಶ್ನೆ ಕೇಳಲು ಏಕೋ ಸಂಕೋಚ. ಇಷ್ಟಪಡುವುದೇ ಒಂದು ದುಂದು ಎಂಬಂತೆ ಬೆಳೆದವರು ನಾವು.

ನನಗೆ ಇಷ್ಟವಾದದ್ದು ನವಿಲಿನ ಕೊರಳಿನ ಬಣ್ಣ. ಪೂರ್ತಿ ನೀಲಿಯಲ್ಲ, ಪೂರ್ತಿ ಹಸಿರೂ ಅಲ್ಲ. ಎರಡೂ ಕೂಡಿ ಕಡುವಾದದ್ದು. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ನಗರೇಶ್ವರ ಗುಡಿಯ ಕಂಬಗಳನ್ನು ನೋಡಲು ಹೋದವರ ಕಣ್ಣು ಅಲ್ಲಿನ ನವಿಲುಗಳ ಮೇಲೆ ನಿಂತುಬಿಡುತ್ತದೆ.

ವಿಚಿತ್ರವೆಂದರೆ, ನವಿಲಿನ ಗರಿಯಲ್ಲಿ ನೀಲಿಯೆಂಬ ಬಣ್ಣವೇ ಇಲ್ಲ. ಒಳಗಿರುವ ವಸ್ತು ಕಪ್ಪು ಮಿಶ್ರಿತ ಕಂದು. ಅದರ ಸೂಕ್ಷ್ಮ ಕಡ್ಡಿಗಳ ಜೋಡಣೆಯಿಂದಾಗಿ ಬೆಳಕು ನೀಲಿ, ಹಸಿರಾಗಿ ಮರಳುತ್ತದೆ. ಗರಿಯನ್ನು ಅರೆದು ಪುಡಿ ಮಾಡಿದರೆ ಆ ಬಣ್ಣ ಉಳಿಯದು. ಇಷ್ಟು ಅಂದ ಯಾವ ಉಪಯೋಗಕ್ಕೆ ಎಂಬುದು ಡಾರ್ವಿನ್ನರನ್ನೂ ಕಾಡಿತ್ತು. ಹೆಣ್ಣು ನವಿಲುಗಳು ತಲೆಮಾರುಗಳಿಂದ ಅಂದವಾದ ಗಂಡನ್ನು ಆರಿಸುತ್ತ ಬಂದದ್ದೇ ಕಾರಣವೆಂದು 1871ರ ಪುಸ್ತಕದಲ್ಲಿ ಅವರು ಬರೆದರು. ಮಣ್ಣಿನ ಬಣ್ಣದ ಮೈಯವಳು, ನೆಲದ ಮೇಲೆ ಮೊಟ್ಟೆಗೆ ಕಾವು ಕೊಡುವವಳು, ಅವಳಿಗೂ ಒಂದು ಇಷ್ಟವಿದೆ! ಇದನ್ನು ಓದಿದಾಗ ನನಗೆ ಧೈರ್ಯ ಬಂದದ್ದು ನಿಜ.

ಆದರೆ ಇಷ್ಟಪಡುವ ಹಕ್ಕು ಇದೆಯೆಂದಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಅದೇ ಬಣ್ಣದ ಸೀರೆ ಉಟ್ಟರೆ ಯಾರ ಅಡ್ಡಿಯೂ ಇಲ್ಲ, ಸೀರೆ ನನ್ನದು. ಗೋಡೆ? ಸವಣೂರಿನ ನಮ್ಮ ಮನೆಯ ಸಾಲ ತೀರಿದ್ದು ನನ್ನ ಸಂಬಳದಿಂದಲೇ ಇರಬಹುದು. ಆದರೆ ನಾನು ಶಾಲೆಗೆ ಹೋದ ಮೇಲೆ ದಿನವಿಡೀ ಆ ಗೋಡೆಗಳ ನಡುವೆ ಇರುವವರು ಎಂಬತ್ತು ದಾಟಿದ ನಮ್ಮ ಅತ್ತೆಯವರು. “ಪಡಸಾಲಿ ಕತ್ತಲಿ ಮಾಡಬ್ಯಾಡವಾ, ಮೊದಲೇ ನನ್ನ ಕಣ್ಣು ಮಂದ” ಎಂದರು. ಇದು ಬರೀ ಹಟದ ಮಾತಲ್ಲ. ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೇ ಮರಳಿಸುತ್ತದೆ. ಕಡುಬಣ್ಣ ಅದನ್ನು ನುಂಗುತ್ತದೆ. ಹಾನಗಲ್ಲು, ಹಿರೇಕೆರೂರು ಕಡೆಯ ಹಳೆಯ ಮಣ್ಣಿನ ಮನೆಗಳ ಸಣ್ಣ ಕಿಟಕಿಗಳಿಗೆ ಸುಣ್ಣದ ಗೋಡೆಯೇ ಆಸರೆಯಾಗಿತ್ತು.

ಹಾಗಾದರೆ ಬಿಳಿಯೇ ನ್ಯಾಯವೇ? ಬಿಳಿ ಯಾರ ಆಯ್ಕೆಯೂ ಅಲ್ಲವೆಂಬಂತೆ ನಡೆದುಬಂದಿದೆ. ಆದರೆ ಅದನ್ನೂ ಯಾರೋ ಒಮ್ಮೆ ಆರಿಸಿರಲೇಬೇಕು. ರೂಢಿಗೆ ಯಾರೂ ಕಾರಣ ಕೇಳುವುದಿಲ್ಲ. ಹೊಸದಕ್ಕೆ ಮಾತ್ರ ಕಾರಣ ಕೊಡಬೇಕು. ಹೆಣ್ಣುಮಕ್ಕಳ ಎಷ್ಟೋ ಇಷ್ಟಗಳು ಸೋಲುವುದು ಹೀಗೆಯೇ, ಯಾರೂ ಬೇಡವೆನ್ನದೆ.

ಅತ್ತೆಯವರೂ ನಾನೂ ಕುಳಿತು ಒಂದೊಂದೇ ಗೋಡೆಯ ಮಾತಾಡಿದೆವು. ಕಿಟಕಿಯ ಬೆಳಕು ನೇರ ಬೀಳುವ ಗೋಡೆ ಬಿಳಿಯಾಗಿಯೇ ಉಳಿಯಿತು. ಅಡುಗೆಮನೆಯ ಬಾಗಿಲಿರುವ ಪಕ್ಕದ ಗೋಡೆಗೆ ನವಿಲುಬಣ್ಣ ಬಂತು. ಮಂದ ಕಣ್ಣಿನವರಿಗೆ ಬಣ್ಣಗಳ ನಡುವಿನ ವ್ಯತ್ಯಾಸ ದಾರಿ ತೋರಿಸುತ್ತದೆ. ಆ ಕಡುಗೋಡೆಯ ಮೇಲಿನ ಬಿಳಿ ಸ್ವಿಚ್ಚನ್ನು ಈಗ ಅವರು ತಡಕಾಡದೆ ಹಾಕುತ್ತಾರೆ.

ಹೊಂದಿಕೊಂಡು ಹೋಗುವುದೆಂದರೆ ಒಬ್ಬರು ನುಂಗಿಕೊಳ್ಳುವುದು ಎಂದೇ ನಮಗೆ ಕಲಿಸಿದ್ದಾರೆ. ಆದರೆ ಇಬ್ಬರೂ ತಮ್ಮ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳದಿದ್ದರೆ, ಹೊಂದಿಸುವುದಕ್ಕಾದರೂ ಏನಿರುತ್ತದೆ?