ಡಬ್ಬಿಯೊಳಗಿನ ಎರಡು ಬಾಣ

ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದವರೆಲ್ಲ ಈ ಚಿತ್ರ ಬರೆದಿರ್ತೀರಿ. ಒಂದು ಡಬ್ಬಿ, ಒಳಗೆ ಎರಡು ಬಾಣ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಹೀಲಿಯಂನ ಎರಡು ಎಲೆಕ್ಟ್ರಾನು. ಒಂದೇ ಆರ್ಬಿಟಲ್‌ನಲ್ಲಿ ಇರಬೇಕಾದ್ರೆ ಸ್ಪಿನ್ ವಿರುದ್ಧ ಇರಲೇಬೇಕು; 1925ರಲ್ಲಿ ಪೌಲಿ ಹೇಳಿದ ನಿಯಮದ ಫಲ ಅದು. ಎರಡು ಮಾರ್ಕ್ಸಿಗೆ ಇಷ್ಟು ಸಾಕಿತ್ತು.

ಆದ್ರೆ ಮೇಲಕ್ಕಿರೋದು ಯಾವ ಎಲೆಕ್ಟ್ರಾನು? ಕ್ವಾಂಟಂ ಸಿದ್ಧಾಂತದ ಪ್ರಕಾರ ಈ ಪ್ರಶ್ನೆಗೆ ಉತ್ತರವೇ ಇಲ್ಲ. ನಮಗೆ ಗೊತ್ತಿಲ್ಲ ಅಂತಲ್ಲ, ಉತ್ತರವೇ ಅಲ್ಲಿಲ್ಲ. ಜೋಡಿಯ ಒಟ್ಟು ಸ್ಪಿನ್ ಸೊನ್ನೆ, ಅದು ಖಚಿತ. ಒಂದೊಂದನ್ನೇ ಬಿಡಿಯಾಗಿ ಕೇಳಿದ್ರೆ ಯಾವುದೂ ಖಚಿತವಿಲ್ಲ.

ನನ್ನಂಥ ಇಂಜಿನಿಯರಿಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯಲ್ಲ. ಊರಿಂದ ಹೊರಡೋ ಅವಸರದಲ್ಲಿ ಒಂದೇ ಚಪ್ಪಲಿ ಬ್ಯಾಗಿಗೆ ಹಾಕ್ಕೊಂಡು ಬಂದೆ ಅನ್ಕೊಳ್ಳಿ. ಬೆಂಗಳೂರಲ್ಲಿ ತೆಗೆದು ನೋಡಿದ್ರೆ ಎಡಗಾಲಿಂದು. ಬಲಗಾಲಿಂದು ಊರಲ್ಲಿದೆ ಅಂತ ಆ ಕ್ಷಣವೇ ಗೊತ್ತಾಗುತ್ತೆ. ಇದರಲ್ಲಿ ಪವಾಡವೇನಿಲ್ಲ, ಅದು ಮೊದಲಿಂದಲೂ ಎಡಗಾಲಿಂದೇ. 1935ರಲ್ಲಿ ಐನ್‌ಸ್ಟೈನ್ ಮತ್ತು ಇಬ್ಬರು ಸಂಗಡಿಗರು ಮಾಡಿದ ವಾದದ ತಿರುಳೂ ಹೆಚ್ಚುಕಡಿಮೆ ಇದೇ.

1964ರಲ್ಲಿ ಜಾನ್ ಬೆಲ್ ಲೆಕ್ಕ ಹಾಕಿ ತೋರಿಸಿದ್ರು: ಎರಡೂ ಕಡೆ ಬೇರೆ ಬೇರೆ ಕೋನದಲ್ಲಿ ಅಳೆದು ಹೋಲಿಸಿದ್ರೆ, ಚಪ್ಪಲಿ ತರ್ಕ ಒಂದು ಮಿತಿ ದಾಟೋಕೆ ಸಾಧ್ಯವಿಲ್ಲ. ಮುಂದೆ ಪ್ರಯೋಗಕ್ಕೆ ಒಗ್ಗುವಂತೆ ಬೇರೆಯವರು ತಿದ್ದಿದ ರೂಪದಲ್ಲಿ ಆ ಮಿತಿ 2. 2015ರಲ್ಲಿ ನೆದರ್‌ಲೆಂಡ್ಸಿನ ಡೆಲ್ಫ್ಟ್‌ನಲ್ಲಿ, 1.3 ಕಿಲೋಮೀಟರ್ ಅಂತರದ ಎರಡು ವಜ್ರಗಳೊಳಗಿನ ಎಲೆಕ್ಟ್ರಾನುಗಳನ್ನು ಅಳೆದಾಗ ಬಂದದ್ದು 2.42. ಒಂದು ಕಡೆ ಅಳೆದದ್ದು ಬೆಳಕಿಗಿಂತ ವೇಗವಾಗಿ ಇನ್ನೊಂದು ಕಡೆಗೆ ಮುಟ್ಟಲ್ಲ ಅಂತ ಒಪ್ಪಿದ್ರೆ, ಉತ್ತರ ಮೊದಲೇ ಒಳಗೆ ಬರೆದಿತ್ತು ಅನ್ನೋ ಮಾತು ನಿಲ್ಲಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅಮ್ಮನ ಫೋನು. ಭಾನುವಾರಕ್ಕೊಮ್ಮೆ ಕೇಳ್ತಾಳೆ, "ಊರಿಗೆ ವಾಪಸ್ ಬರ್ತೀಯೇನೋ ಮಗಾ?" ಹತ್ತು ವರ್ಷದಿಂದ ನನ್ನದು ಒಂದೇ ಉತ್ತರ, "ನೋಡಣಮ್ಮ." ನಿಜವಾದ ಉತ್ತರ ನನ್ನೊಳಗೆ ಎಲ್ಲೋ ಇದೆ, ಪುರುಸೊತ್ತಾದಾಗ ಹುಡುಕಿದ್ರಾಯ್ತು ಅಂತ ನಂಬಿಕೊಂಡಿದ್ದೆ. ಬಲು ಅನುಕೂಲದ ನಂಬಿಕೆ ಅದು. ಸಿಗೋವರೆಗೆ ಏನನ್ನೂ ತೀರ್ಮಾನ ಮಾಡಬೇಕಾಗಿಲ್ಲ!

ಮನುಷ್ಯ ಎಲೆಕ್ಟ್ರಾನಲ್ಲ. ಕ್ವಾಂಟಂ ಪ್ರೇಮ, ಕ್ವಾಂಟಂ ಕರ್ಮ ಅಂತ ವಾಟ್ಸಾಪಲ್ಲಿ ಬರೋದನ್ನೆಲ್ಲ ನಾನು ಓದದೇ ಡಿಲೀಟ್ ಮಾಡ್ತೀನಿ. ಈ ಪ್ರಯೋಗ ನನ್ನ ಮನಸ್ಸಿನ ಬಗ್ಗೆ ಏನನ್ನೂ ಸಾಬೀತು ಮಾಡಲ್ಲ. ಆದ್ರೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಮೊದಲೇ ಇರಲೇಬೇಕು ಅನ್ನೋ ಗ್ಯಾರಂಟಿಯನ್ನು ಅದು ಕಿತ್ಕೊಂಡಿತು. ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದು ಹುಡುಕಾಟವೋ, ಮುಂದೂಡಿಕೆಯೋ?

ಒಂದು ವ್ಯತ್ಯಾಸ ಇದೆ. ಎಲೆಕ್ಟ್ರಾನು ಮೇಲೋ ಕೆಳಗೋ ಅನ್ನೋದು ಅಳೆದ ಕ್ಷಣದ ಆಕಸ್ಮಿಕ, ಅದಕ್ಕೆ ಹೊಣೆ ಇಲ್ಲ. ನನಗಿದೆ. ಭಾನುವಾರ ಅಮ್ಮ ಮತ್ತೆ ಕೇಳ್ತಾಳೆ. ಅದು ಹುಡುಕಿ ಹೇಳೋ ಉತ್ತರ ಅಲ್ಲ, ಹೇಳಿ ಉಳಿಸಿಕೊಳ್ಳಬೇಕಾದ ಉತ್ತರ.