ತಿದ್ದಿದ ತಾಳ ಯಾರದು?

ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ಹಾಡು ಸಿದ್ಧಪಡಿಸುವುದು ಈಗ ಹೊರನಾಡ ಕನ್ನಡಿಗರ ಮನೆಗಳಲ್ಲಿಯೂ ಅಪರೂಪವಲ್ಲ. ಒಂದು ಯು.ಎಸ್.ಬಿ. ತಂತಿ, ಒಂದು ತಂತ್ರಾಂಶ, ಕಿವಿಗೆ ಹೆಡ್‌ಫೋನ್ ಇದ್ದರೆ ಸಾಕು. ಪಕ್ಕದ ಫ್ಲ್ಯಾಟಿನವರ ನಿದ್ದೆಗೂ ಭಂಗವಿಲ್ಲ. ಆದರೆ ಈ ಜೋಡಣೆಯಿಂದ ಹುಟ್ಟುವ ಒಂದು ನೈತಿಕ ಪ್ರಶ್ನೆಯ ಕಡೆ ನಮ್ಮ ಗಮನ ಹೋದಂತಿಲ್ಲ. ಅದನ್ನು ಎತ್ತುವ ಮೊದಲು ಆ ತಂತಿಯಲ್ಲಿ ಹರಿಯುವುದೇನೆಂದು ತಿಳಿಯುವುದು ಅವಶ್ಯ.

ಹರಿಯುವುದು ನಾದವಲ್ಲ, ಅಂಕಿಗಳು. ನಡುವಿನ ‘ಸಿ’ ಕೀಯನ್ನು ಒತ್ತಿದರೆ ‘ಅರವತ್ತನೆಯದು ಒತ್ತಲ್ಪಟ್ಟಿತು’ ಎಂಬ ಸುದ್ದಿ ಹೋಗುತ್ತದೆ. ಅದರೊಡನೆ, ಎಷ್ಟು ವೇಗವಾಗಿ ಒತ್ತಿದರೆಂಬುದಕ್ಕೆ ೧೨೭ರೊಳಗಿನ ಒಂದು ಸಂಖ್ಯೆ. ಬೆರಳು ಎತ್ತಿದಾಗ ಇನ್ನೊಂದು ಸುದ್ದಿ. ಬಂದ ಗಳಿಗೆಯನ್ನು ಕಂಪ್ಯೂಟರು ಗುರುತು ಹಾಕಿಕೊಳ್ಳುತ್ತದೆ. ನಮಗೆ ಕೇಳುವ ಪಿಯಾನೋ ಅಥವಾ ಕೊಳಲಿನ ದನಿ ಕಂಪ್ಯೂಟರಿನಲ್ಲಿ ಮೊದಲೇ ಇದ್ದದ್ದು. ಈ ಭಾಷೆಗೆ ಮಿಡಿ ಎಂದು ಹೆಸರು. ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳಿಂದ ಆದದ್ದು. (ವೀಣೆ ಮಿಡಿಯುವ ನಮಗೆ ಅದು ಕನ್ನಡವೆಂದೇ ತೋರಿದರೆ ಆಶ್ಚರ್ಯವಿಲ್ಲ. ಉಪ್ಪಿನಕಾಯಿಯ ಮಿಡಿ ಬೇರೆ!) ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇವರ ಪ್ರಯತ್ನದಿಂದ ೧೯೮೩ರಲ್ಲಿ ಬಳಕೆಗೆ ಬಂದ ಈ ಭಾಷೆಯನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲ ತಯಾರಕರಿಗೂ ಬಿಟ್ಟುಕೊಡಲಾಯಿತು.

ಹಾಗಾದರೆ ಕಂಪ್ಯೂಟರಿನಲ್ಲಿ ಉಳಿಯುವುದು ಹಾಡಲ್ಲ; ನುಡಿಸಿದ ಕ್ರಿಯೆಯ ದಾಖಲೆ. ದಾಖಲೆಯೆಂದ ಮೇಲೆ ತಿದ್ದುಪಡಿಯ ಪ್ರಶ್ನೆ ಬಂದೇ ಬರುತ್ತದೆ. ತಂತ್ರಾಂಶದಲ್ಲಿ ‘ಕ್ವಾಂಟೈಸ್’ ಎಂಬ ಒಂದು ಸೌಕರ್ಯವಿದೆ. ಅದನ್ನು ಒತ್ತಿದರೆ ತಾಳಕ್ಕಿಂತ ಮುಂದೆ ಬಿದ್ದ ಸ್ವರ ಹಿಂದಕ್ಕೂ, ಹಿಂದೆ ಬಿದ್ದದ್ದು ಮುಂದಕ್ಕೂ ಸರಿದು ಎಲ್ಲವೂ ಎಣಿಕೆಗೆ ಸರಿಯಾಗಿ ಕೂಡುತ್ತವೆ. ತಪ್ಪಿದ ಸ್ವರವನ್ನೂ ಮೌಸಿನಿಂದ ಎಳೆದು ಸರಿಮಾಡಬಹುದು. ಹೀಗೆ ಸರಿಪಡಿಸಿದ ಮೇಲೆ ಅದನ್ನು ‘ನಾನು ನುಡಿಸಿದ್ದು’ ಎನ್ನಬಹುದೇ?

ಯಂತ್ರದ ಮೇಲಿನ ಹಳೆಯ ತಕರಾರನ್ನು ಇಲ್ಲಿ ಬೆರೆಸಬಾರದು. ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, ೧೯೭೧ರವರೆಗೂ ಒಳಕ್ಕೆ ಸೇರಿಸಲಿಲ್ಲ. ಗಮಕ ಹೊಮ್ಮಿಸಲಾರದೆಂಬ ಆ ವಾದ ವಾದ್ಯದ ಯೋಗ್ಯತೆಯನ್ನು ಕುರಿತದ್ದು. ನಮ್ಮ ಪ್ರಶ್ನೆ ನುಡಿಸುವವರ ಪ್ರಾಮಾಣಿಕತೆಯದು.

ತಿದ್ದುವುದೇ ಸುಳ್ಳು ಎಂದು ಹೇಳಲಾಗದು. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ೧೯೬೪ರಲ್ಲಿ ಸಾರ್ವಜನಿಕ ಕಛೇರಿಗಳನ್ನೇ ನಿಲ್ಲಿಸಿ ಸ್ಟುಡಿಯೋ ಸೇರಿದರು. ಹಲವು ಸಲ ನುಡಿಸಿದ್ದರಲ್ಲಿ ಒಳ್ಳೆಯ ಭಾಗಗಳನ್ನು ಟೇಪಿನಲ್ಲಿ ಕತ್ತರಿಸಿ ಅಂಟಿಸುವುದನ್ನು ಬಹಿರಂಗವಾಗಿಯೇ ಸಮರ್ಥಿಸಿದರು. ಅಲ್ಲಿ ಕೇಳುಗನಿಗೆ ಕೊಟ್ಟದ್ದು ಕೃತಿಯನ್ನು, ಕೈಚಳಕದ ಪ್ರಮಾಣಪತ್ರವನ್ನಲ್ಲ. ಕೈನಡುಕದಿಂದ ನುಡಿಸಲಾಗದೆ ಹೋದ ಹಿರಿಯರೊಬ್ಬರು ಈ ಸೌಕರ್ಯದಿಂದ ತಮ್ಮ ಮೆಚ್ಚಿನ ರಾಗವನ್ನು ಮತ್ತೆ ಕೇಳಿಕೊಂಡರೆ ಅದನ್ನು ಮೋಸವೆನ್ನಲು ಯಾರಿಗೆ ಮನಸ್ಸು ಬಂದೀತು?

ಇನ್ನೊಂದು ಸಂದರ್ಭ ನೋಡಿ. ಮುಂಬಯಿಯಲ್ಲಿ ಬೆಳೆಯುವ ಮೊಮ್ಮಗಳು ಮಲಹರಿಯ ಪಿಳ್ಳಾರಿ ಗೀತೆಯನ್ನು ನುಡಿಸಿ ಊರಿನ ಅಜ್ಜನಿಗೆ ಕಳಿಸುತ್ತಾಳೆ. ತಾಯಿತಂದೆಯರು ಪ್ರೀತಿಯಿಂದಲೇ ತಾಳವನ್ನು ಸರಿಪಡಿಸಿರುತ್ತಾರೆ. ‘ಕೈ ಚೆನ್ನಾಗಿ ಕುದುರಿದೆ’ ಎಂದು ಅಜ್ಜ ಹಿಗ್ಗುತ್ತಾರೆ. ಗೀತೆ ಅವರಿಗೆ ಬಾಯಿಪಾಠ. ಅವರು ಕೇಳಲು ಕೂತದ್ದು ಮಗುವಿನ ಕೈಯನ್ನು. ಆ ಕೈ ಮಾತ್ರ ಅಲ್ಲಿಲ್ಲ. ಬಾಯಲ್ಲಿ ಒಂದು ಸುಳ್ಳು ಮಾತೂ ಆಡದೆ ಇಲ್ಲಿ ಸುಳ್ಳು ನಡೆದಿದೆಯೆಂದು ನನ್ನ ಅಭಿಪ್ರಾಯ. ಮಗುವಿಗಂತೂ ನಷ್ಟ ಎರಡು ಬಗೆ: ಎಲ್ಲಿ ಓಡಿದೆನೆಂದು ತಿಳಿಯುವುದಿಲ್ಲ, ಬಂದ ಹೊಗಳಿಕೆಯಲ್ಲಿ ತನ್ನ ಪಾಲೆಷ್ಟೆಂಬುದೂ ತಿಳಿಯುವುದಿಲ್ಲ. ಸಂಘದ ಸ್ಪರ್ಧೆಗೆ ಧ್ವನಿಮುದ್ರಣ ಕಳಿಸುವಾಗಲಂತೂ ಪಕ್ಕದ ಮಗುವಿಗೂ ಅನ್ಯಾಯ.

ಸರಕಾರಿ ಕಡತಗಳ ನಡುವೆ ದಿನ ಕಳೆಯುವ ನನಗೆ ಇಲ್ಲೊಂದು ಹೋಲಿಕೆ ತೋರುತ್ತದೆ. ಟಿಪ್ಪಣಿಯಲ್ಲಿ ತಪ್ಪಾದರೆ ಒಂದು ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಸಣ್ಣ ರುಜು ಹಾಕುತ್ತೇವೆ. ಹೊಡೆದುಹಾಕಿದ ಪದ ಓದಲು ಬರುವಂತೆಯೇ ಇರಬೇಕು. ಟಿಪ್ಪಣಿ ಕೆಟ್ಟದಾಗಿ ಕಾಣುತ್ತದೆ, ನಿಜ. ಆದರೆ ಹತ್ತು ವರ್ಷದ ನಂತರ ಓದುವವರಿಗೂ ನಡೆದದ್ದು ನಡೆದಂತೆ ಸಿಕ್ಕುತ್ತದೆ.

ಎಲ್ಲಿ ಗೆರೆ ಎಳೆಯಬೇಕೆಂಬುದು ಸುಲಭವಲ್ಲವೆಂದು ಒಪ್ಪುತ್ತೇನೆ. ಅನೇಕ ತಂತ್ರಾಂಶಗಳಲ್ಲಿ ತಾಳವನ್ನು ಶೇಕಡಾ ೫೦ರಷ್ಟು ಮಾತ್ರ ಸರಿಪಡಿಸುವ ಏರ್ಪಾಡೂ ಇದೆ. ಅರ್ಧ ಮಗುವಿನದು, ಅರ್ಧ ಯಂತ್ರದ್ದು! ಅಂಥದ್ದಕ್ಕೆ ಯಾರ ಹೆಸರು ಹಾಕುವುದೆಂದು ಸಂಘದ ಸ್ಪರ್ಧಾ ಸಮಿತಿಯವರು ಕೂತು ಯೋಚಿಸಬೇಕಾದೀತು. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ತಿದ್ದುವ ಮೊದಲು ಆ ಸಾಲಿನ ಒಂದು ನಕಲು ತೆಗೆದು, ತಾರೀಖು ಬರೆದು ಬದಿಗಿಡುವುದು, ಅಜ್ಜನಿಗೆ ಅದನ್ನೇ ಕಳಿಸುವುದು. ಒಂದು ಪುಟ್ಟ ಗೀತೆಯ ಮಿಡಿ ಕಡತ ಕೆಲವೇ ಕಿಲೋಬೈಟುಗಳಷ್ಟು. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂಬ ನೆಪ ನಡೆಯದು.