ದೀಪದ ಫೋಟೊದಲ್ಲಿ ಕಾಣದ ಕೈ


*ಇಂದಿನ ಚಿಂತನೆ*



ಕಳೆದ ಭಾನುವಾರ ಸಂಜೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಒಂದು ಫೋಟೊ ತೆಗೆಯಲು ಕುಳಿತಿದ್ದೆ. ವಸ್ತು ದೊಡ್ಡದೇನಲ್ಲ. ಬುದ್ಧವಂದನೆಗೆ ದಿನವೂ ಹಚ್ಚುವ ಅಂಗೈಯಗಲದ ಹಿತ್ತಾಳೆ ದೀಪ. ಲೋಟ, ಚಮಚ, ಬೀಗದ ಕೈ, ಹೀಗೆ ಮನೆಯ ವಸ್ತುಗಳನ್ನು ತೀರಾ ಹತ್ತಿರದಿಂದ ಫೋಟೊ ತೆಗೆಯುವುದು ನನ್ನ ಹವ್ಯಾಸ. ಹತ್ತಿರ ಹೋದಷ್ಟೂ ವಸ್ತುವಿನ ಸ್ವಲ್ಪ ಭಾಗ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಪೂರ್ತಿ ಸ್ಪಷ್ಟವಾಗಬೇಕೆಂದರೆ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು. ಆಗ ಬೆಳಕು ಸಾಲದು, ಷಟರ್ ಬಹಳ ಹೊತ್ತು ತೆರೆದಿರಬೇಕು. ಸಾಮಾನ್ಯ ಫೋಟೊ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಮುಗಿದರೆ ನನ್ನ ದೀಪಕ್ಕೆ 30 ಸೆಕೆಂಡು ಬೇಕಿತ್ತು. ಅಷ್ಟು ಹೊತ್ತು ಉಸಿರು ನೋಡುತ್ತಾ ಸುಮ್ಮನೆ ನಿಲ್ಲುತ್ತೇನೆ. ಇದೂ ಒಂದು ಧ್ಯಾನ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೂ ಉಂಟು.

ಮೊದಲ ಫೋಟೊ ಕೆಟ್ಟಿತು. ದೀಪದ ಅಂಚು ಎರಡೆರಡಾಗಿ ಬಂದಿತ್ತು. ಕಾರಣ ಹುಡುಕಬೇಕಿರಲಿಲ್ಲ, ಪಕ್ಕದ ಮನೆಯ ವಿದ್ಯುತ್ ಮಗ್ಗ. ನಿಮಿಷಕ್ಕೆ 100ರ ಆಸುಪಾಸು ಸಲ ಲಾಳಿ ಹೊಡೆಯುವಾಗ ನಮ್ಮ ಗೋಡೆಯೂ ನಡುಗುತ್ತದೆ. ಈ ಊರಲ್ಲಿ ಹುಟ್ಟಿದವರಿಗೆ ಆ ಸದ್ದು ಕಿವಿಗೆ ಬೀಳುವುದೇ ಇಲ್ಲ. ಆದರೆ ಕ್ಯಾಮೆರಾಕ್ಕೆ ಬಿತ್ತು.

ಹೋಗಿ ಕೇಳಿದೆ. “ಅಕ್ಕ, ಒಂದರ್ಧ ನಿಮಿಷ ಮಗ್ಗ ಆಫ್ ಮಾಡ್ತೀರಾ? ಒಂದು ಫೋಟೊ ತೆಗೀಬೇಕು.”

ಅವರು ಕೈಕೆಲಸ ಬಿಡದೆ ಹೇಳಿದರು: “ಮಾಡಬೋದಪ್ಪ. ಆದ್ರೆ ಸುಮ್ನೆ ನಿಲ್ಸಿ ಮತ್ತೆ ಹಾಕಿದ್ರೆ ಬಟ್ಟೆ ಮೇಲೆ ಗೆರೆ ಬೀಳುತ್ತೆ. ಗೆರೆ ಬಿದ್ರೆ ಕೂಲೀಲಿ ಮುರ್ಕೋತಾರೆ. ಒಂದ್ ಕೆಲ್ಸ ಮಾಡು. ಎಳೆ ಕಿತ್ತಾಗ ನಾನು ಹೇಗೂ ನಿಲ್ಲಿಸ್ಬೇಕು. ಆಗ ಕೂಗ್ತೀನಿ, ತೆಕ್ಕೋ.”

ನನ್ನ ಅರ್ಧ ನಿಮಿಷದ ಬೆಲೆ ಏನೆಂದು ಯೋಚಿಸದೆ ಕೇಳಿದ್ದಕ್ಕೆ ನಾಚಿಕೆಯಾಯಿತು. ಮನೆಗೆ ಬಂದು ಕಾದು ಕುಳಿತೆ. ಸುಮಾರು ಮುಕ್ಕಾಲು ಗಂಟೆಯ ಮೇಲೆ ಮಗ್ಗ ನಿಂತಿತು. “ಹೂಂ, ತೆಕ್ಕೋ” ಎಂದು ಗೋಡೆಯಾಚೆಯಿಂದ ಕೂಗು ಬಂತು. ಷಟರ್ ಒತ್ತಿದೆ. ನಡುವೆ ನನ್ನ ಹೆಂಡತಿ ಬಂದು, ಎಣ್ಣೆ ತಳ ಮುಟ್ಟಿದ್ದನ್ನು ನೋಡಿ, ಒಂದು ಚಮಚ ಎಣ್ಣೆ ಹಾಕಿ ಹೋದಳು. ಕ್ಯಾಮೆರಾ ಓಡುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಈ ಫೋಟೊವೂ ಹೋಯಿತು ಅಂದುಕೊಂಡೆ.

ಹೋಗಿರಲಿಲ್ಲ. ಚೆನ್ನಾಗಿ ಬಂದಿತ್ತು. ಉರಿ ಬಿಳಿಯ ದಪ್ಪ ಮೊಗ್ಗಿನಂತೆ ಕಾಣುತ್ತಿತ್ತು. ಹಿತ್ತಾಳೆಯ ಒಂದೊಂದು ಗೀರೂ ಸ್ಪಷ್ಟ. ಅವಳಿಗೆ ತೋರಿಸಿದೆ. ನೋಡಿ, “ನಾನು ಎಣ್ಣೆ ಹಾಕಿದ್ನಲ್ಲ, ನನ್ ಕೈ ಎಲ್ಲಿ?” ಎಂದಳು.

ಕೈ ಇರಲಿಲ್ಲ. ಹುಡುಕಿದರೆ ಒಂದು ತೆಳು ಮಬ್ಬು, ಅಷ್ಟೇ. ಲೆಕ್ಕ ಸರಳ. 30 ಸೆಕೆಂಡಿನಲ್ಲಿ ಕೈ ಅಲ್ಲಿದ್ದದ್ದು 2 ಸೆಕೆಂಡು. ಉಳಿದ 28 ಸೆಕೆಂಡು ಹಿಂದಿನ ಗೋಡೆಯ ಬೆಳಕೇ ಬಿದ್ದು ಕೈಯನ್ನು ಮುಚ್ಚಿಬಿಟ್ಟಿತು.

ಇದು ಹೊಸ ಸಂಗತಿಯಲ್ಲ. ಫೋಟೊ ತೆಗೆಯುವ ವಿದ್ಯೆ ಇನ್ನೂ ಹುಟ್ಟುತ್ತಿದ್ದ 1838ರಲ್ಲಿ ಡಗೇರ್ ಎಂಬಾತ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಒಂದು ಚಿತ್ರಕ್ಕೆ ಆಗ ಹಲವು ನಿಮಿಷ ಬೇಕಿತ್ತು. ಗಾಡಿ, ಕುದುರೆ, ಜನ ಓಡಾಡುತ್ತಿದ್ದ ಆ ಬೀದಿ ಚಿತ್ರದಲ್ಲಿ ಖಾಲಿ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ ಮಾತ್ರ ಎದ್ದು ಕಾಣುತ್ತಾನೆ. ಪಾಲಿಶ್ ಮಾಡುತ್ತಿದ್ದವನ ಆಕಾರ ಅಷ್ಟು ಸ್ಪಷ್ಟವಿಲ್ಲ. ಸೇವೆ ಪಡೆದವನು ನಿಂತಿದ್ದ, ಉಳಿದ. ದುಡಿಯುವವನ ಕೈ ಓಡುತ್ತಿತ್ತು, ಮಸುಕಾಯಿತು.

ಮಿಲಿಂದ ಪಞ್ಹದಲ್ಲಿ ನಾಗಸೇನ ಭಂತೇಜಿ ರಾಜನಿಗೆ ದೀಪದ ಉದಾಹರಣೆ ಕೊಡುತ್ತಾರೆ. ರಾತ್ರಿಯ ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಹಾಗೆಂದು ಬೇರೆಯೂ ಅಲ್ಲ. ನಾವು ಒಂದು ಎನ್ನುವುದು ಹರಿಯುತ್ತಿರುವ ಹಲವು. ನನ್ನ ಫೋಟೊದ ಉರಿಯೂ ಹಾಗೆಯೇ. ಅಷ್ಟು ದಪ್ಪ ಮೊಗ್ಗು ಯಾವ ಕ್ಷಣದಲ್ಲೂ ಅಲ್ಲಿರಲಿಲ್ಲ. ಈ ಅನಿತ್ಯದ ಪಾಠವನ್ನು ನಾವೆಲ್ಲ ಬಲ್ಲೆವು. ಆದರೆ ಆ ಉರಿ ಹರಿಯುತ್ತಲೇ ಇರಲು ಯಾರೋ ಎಣ್ಣೆ ಹಾಕಬೇಕು ಎನ್ನುವುದು ನನಗೆ ಹೊಳೆದದ್ದು ಹೆಂಡತಿ ಕೇಳಿದ ಮೇಲೆ.

ಆಮೇಲೆ ಫೋಟೊವನ್ನು ಮತ್ತೆ ನೋಡಿದೆ. ಹುಣಸೆಹಣ್ಣು ಹಾಕಿ ಉಜ್ಜಿದ್ದಕ್ಕೆ ಹಿತ್ತಾಳೆ ಹೊಳೆಯುತ್ತಿದೆ. ಉಜ್ಜಿದ್ದು ನಾನಲ್ಲ. ಪಕ್ಕದ ಮನೆಯ ಮಗ್ಗದಲ್ಲಿ ಎಳೆ ಕಿತ್ತದ್ದಕ್ಕೆ, ಆ ಅಕ್ಕ ನೆನಪಿಟ್ಟು ಕೂಗಿದ್ದಕ್ಕೆ ಚಿತ್ರ ಅಲುಗಲಿಲ್ಲ. ಇದಿದ್ದರೆ ಅದು, ಇದಿಲ್ಲದಿದ್ದರೆ ಅದಿಲ್ಲ ಎಂಬ ಪ್ರತೀತ್ಯಸಮುತ್ಪಾದವನ್ನು ನಾವು ಎಷ್ಟು ಸಲ ಓದಿಲ್ಲ! ನನ್ನ ಫೋಟೊದ ಶಾಂತಿ ಪೂರ್ತಿ ನಿಂತಿರುವುದು ಅದರಲ್ಲಿ ಕಾಣದವರ ಮೇಲೆ.

ತಪ್ಪು ಕ್ಯಾಮೆರಾದ್ದಲ್ಲ. ನಿಂತದ್ದನ್ನು ಹಿಡಿಯುವುದು, ಓಡುವುದನ್ನು ಅಳಿಸುವುದು ಅದರ ಗುಣ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನನ್ನ ಧ್ಯಾನವೂ ಹೀಗೇ ಕೆಲಸ ಮಾಡುತ್ತಿದೆಯೇ? ಬೆಳಗ್ಗೆ ನಾನು ಕಣ್ಣುಮುಚ್ಚಿ ಕುಳಿತ ಅರ್ಧ ಗಂಟೆಯಲ್ಲಿ ಮನೆಯಲ್ಲಿ ನೀರು ಹಿಡಿಯುವವರು, ಮಗುವಿಗೆ ಜಡೆ ಹಾಕುವವರು, ತಿಂಡಿ ಮಾಡುವವರು ಯಾರು? ಅವರ ಸದ್ದು ನನಗೆ ತೊಂದರೆಯಾಗಿ ಕೇಳಿಸಿದ್ದರೆ, ನಾನು ಕೂಡಿಸಿಕೊಂಡ ಎಚ್ಚರ ಆ ಬೀದಿಯ ಚಿತ್ರದಂಥದ್ದು. ಸ್ಪಷ್ಟವಾಗಿದೆ, ಆದರೆ ಜನರಿಲ್ಲ.

ಸತಿಪಟ್ಠಾನ ಸುತ್ತ ತನ್ನೊಳಗೆ ನೋಡು ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಹೊರಗೂ ನೋಡು, ಒಳಗೂ ಹೊರಗೂ ಎರಡೂ ಕಡೆ ನೋಡು ಎನ್ನುತ್ತದೆ. ನಾವು ಮೊದಲರ್ಧವನ್ನು ಹಿಡಿದುಕೊಂಡು ಉಳಿದರ್ಧವನ್ನು ಬಿಟ್ಟಿದ್ದೇವೇನೋ.

*ಇಂದಿನ ಅಭ್ಯಾಸ*
ಮನೆಯ ಒಂದು ವಸ್ತುವನ್ನು ಆರಿಸಿಕೊಳ್ಳಿ. ಲೋಟವಾದರೂ ಸರಿ. 30 ಸೆಕೆಂಡು ಬೇರೇನೂ ಮಾಡದೆ ಅದನ್ನು ನೋಡಿ. ಆಮೇಲೆ ಇಂದು ಅದನ್ನು ಮುಟ್ಟಿದ ಕೈಗಳನ್ನು ನೆನೆಯಿರಿ. ಕೊನೆಗೆ ಎದ್ದು ಅದನ್ನು ನೀವೇ ತೊಳೆದಿಡಿ.

ನಮ್ಮ ಮನೆಯ ದೀಪವನ್ನು ಈಗ ನಾನೇ ಉಜ್ಜುತ್ತಿದ್ದೇನೆ. ಅವಳಷ್ಟು ಚೆನ್ನಾಗಿ ಇನ್ನೂ ಬಂದಿಲ್ಲ.

ಸಾಧು, ಸಾಧು, ಸಾಧು 🙏